ಮೊದಲು ಏನು ಸೋರ್ತಿದೆ ಅಂತ ನೋಡುವ

ನಮ್ಮ ಪಿಕಪ್‌ನ ಮುಂದಿನ ಚಕ್ರದ ಹತ್ತಿರ ಏನೋ ಸೋರುತ್ತಿತ್ತು. ಚಕ್ರವನ್ನು ತಿರುಗಿಸುವ ಎಡಗಡೆಯ ಡ್ರೈವ್ ಶಾಫ್ಟ್ ಪೂರ್ತಿ ಹೊಸದು. ಮುಂದಿನ ಚಕ್ರಗಳ ನಡುವಿನ ಗೇರಿನ ಪೆಟ್ಟಿಗೆ, ಅಂದರೆ ಕ್ರೌನ್ ಹೌಸಿಂಗ್, ಬಿಚ್ಚಿ ಎಲ್ಲ ಸೀಲ್ ಬದಲು. ಬೇಕಾದರೆ ಬೇರಿಂಗ್. ಪೇಟೆಯ ಸರ್ವಿಸ್ ಸೆಂಟರ್‌ನವರು ಕೊಟ್ಟ ಎಸ್ಟಿಮೇಟ್‌ನಲ್ಲಿ ಇದ್ದದ್ದು ಇಷ್ಟು. ಮೊತ್ತ ನೋಡಿ ಎದೆ ಧಸಕ್ಕೆಂದಿತು. ಆದರೆ ಈ ವಾರವೆಲ್ಲ ತಲೆಯಲ್ಲಿ ಕೊರೆಯುತ್ತಿರುವುದು ದುಡ್ಡಲ್ಲ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿದರು, ಅಲ್ಲಿಯ ಹುಡುಗ ಟಾರ್ಚ್ ಬಿಟ್ಟ, ಫೋಟೋ ತೆಗೆದ, ಇಳಿಸಿದ. ಎಲ್ಲೂ ಕೈ ಇಟ್ಟು ನೋಡಲೇ ಇಲ್ಲ.

"ಫೋರ್ ವೀಲ್ ಜಾಸ್ತಿ ಹಾಕ್ತೀರಿ ಮೇಡಂ, ಅದಕ್ಕೇ ಹೀಗಾಗೋದು" ಅಂತ ಬೇರೆ ಹೇಳಿದ.

ಸಕಲೇಶಪುರದ ಕಡೆಯ ತೋಟ ನಮ್ಮದು. ಮಳೆಗಾಲದಲ್ಲಿ ಫೋರ್ ವೀಲ್ ಹಾಕದೆ ಗೊಬ್ಬರದ ಮೂಟೆ ಮೇಲಿನ ಬ್ಲಾಕಿಗೆ ಹೋಗುತ್ತದಾ? ಪಿಕಪ್ ತೆಗೆದುಕೊಂಡಿದ್ದೇ ಅದಕ್ಕೆ.

ಊರಿನ ಮೇಸ್ತ್ರಿ ಹತ್ತಿರ ಹೋದೆ. ಅವರು ಗುಂಡಿಗೆ ಇಳಿದರು. ಎಡ ಚಕ್ರದ ಒಳಮೈಯಿಂದ ಒಂದು ಬೆರಳಿಗೆ, ನಡುವಿನ ಹೌಸಿಂಗ್ ಪಕ್ಕದಿಂದ ಇನ್ನೊಂದು ಬೆರಳಿಗೆ ಸವರಿಕೊಂಡು ಮೇಲೆ ಬಂದರು. ಎಲ್ಲಿಂದ ಸೋರುತ್ತಿದೆ ಅಂತ ನಾನು ಕೇಳಿದೆ.

"ಎಲ್ಲಿಂದ ಅಂತ ಆಮೇಲೆ ಅಕ್ಕಾ. ಮೊದಲು ಏನು ಸೋರ್ತಿದೆ ಅಂತ ನೋಡುವ. ಮೂಸಿ."

ಒಂದು ಬೆರಳಿನದು ಕಪ್ಪಗೆ, ದಪ್ಪಗೆ, ಅಂಟಂಟು. ಅದು ಬೂಟಿನ, ಅಂದರೆ ಶಾಫ್ಟ್ ತುದಿಯ ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲದ, ಒಳಗಿನ ಗ್ರೀಸ್. ಇನ್ನೊಂದು ತೆಳ್ಳಗೆ ಜಾರುತ್ತಿತ್ತು, ಮೂಗಿಗೆ ಗಂಧಕದ ಘಾಟು ಹೊಡೆಯಿತು. ಅದು ಗೇರ್ ಆಯಿಲ್. ಒಮ್ಮೆ ಮೂಸಿದರೆ ಮತ್ತೆ ಮರೆಯುವ ವಾಸನೆಯಲ್ಲ. ಬ್ರೇಕ್ ಆಯಿಲ್ ಆಗಿದ್ದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ಬಿಡುತ್ತಲೇ ಇರಲಿಲ್ಲ ಅಂದರು.

ಅಂದರೆ ಎರಡು ಬೇರೆ ಬೇರೆ ತೊಂದರೆ. ಎಸ್ಟಿಮೇಟ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ದೊಡ್ಡ ಕಾಯಿಲೆ ಮಾಡಿಟ್ಟಿದ್ದರು.

ಗ್ರೀಸ್ ತಾನಾಗಿ ತೊಟ್ಟಿಕ್ಕುವುದಿಲ್ಲ. ಬೂಟ್ ಹರಿದರೆ ಶಾಫ್ಟ್ ತಿರುಗಿದ ಹಾಗೆ ಹೊರಗೆ ಎರಚಿಕೊಳ್ಳುತ್ತದೆ. ಚಕ್ರದ ಒಳಮೈ, ಕೆಳಗಿನ ಆರ್ಮ್, ಬ್ರೇಕ್ ಪೈಪ್, ಎಲ್ಲದರ ಮೇಲೂ ಸುತ್ತ ಒಂದು ಕಪ್ಪು ಪಟ್ಟಿ ಬೀಳುತ್ತದೆ. ಮೇಸ್ತ್ರಿ ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಬೂಟಿನ ಮಡಿಕೆಗಳನ್ನು ಬಿಡಿಸಿ ತೋರಿಸಿದರು. ನೇರ ನಿಂತಾಗ ಕಾಣದ ಸೀಳು ಆಗ ಬಾಯಿ ಬಿಟ್ಟಿತು. ತೋಟದ ಯಾವುದೋ ಕೂಳೆ ತಾಗಿರಬೇಕು. ಫೋರ್ ವೀಲ್ ಮಾತಿಗೆ ಅವರು ತಲೆ ಅಲ್ಲಾಡಿಸಿದರು. ಹಳೇ ಜೀಪುಗಳಲ್ಲಿ ಶಾಫ್ಟ್ ತಿರುಗದ ಹಾಗೆ ಚಕ್ರದ ಹಬ್ ಬಿಡಿಸಿಡಬಹುದಿತ್ತು. ನಮ್ಮ ಗಾಡಿಯಲ್ಲಿ ಅದಿಲ್ಲ. ಟೂ ವೀಲ್‌ನಲ್ಲಿ ಟಾರ್ ರೋಡಿಗೆ ಹೋದರೂ ಚಕ್ರದ ಜೊತೆ ಮುಂದಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ.

ಆಮೇಲೆ ಆಯಿಲ್. ಅವರ ಕೈ ಸೀಲಿಗೆ ಹೋಗಲಿಲ್ಲ, ಮೇಲಿದ್ದ, ಹೌಸಿಂಗ್‌ಗೆ ಗಾಳಿ ಆಡಿಸುವ ಬ್ರೀದರ್ ಪೈಪಿಗೆ ಹೋಯಿತು. ಬಾಯಿಟ್ಟು ಊದಿದರೆ ಗಾಳಿ ಆಡಲಿಲ್ಲ. ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು! ಓಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ದಾರಿ ಇಲ್ಲದಿದ್ದರೆ ಒಳ್ಳೆಯ ಸೀಲನ್ನೂ ಒತ್ತಿಕೊಂಡು ಆಯಿಲ್ ಹೊರಗೆ ಬರುತ್ತದೆ. ಬಿಸಿ ಇರುವಾಗಲೇ ಹಳ್ಳಕ್ಕೆ ಇಳಿಸಿದರೆ ಇದೇ ಉಲ್ಟಾ ಆಗಿ, ನೀರು ಒಳಗೆ ಹೋಗಿ ಆಯಿಲ್ ಬೆಳ್ಳಗೆ ಕದಡುತ್ತದೆ. ಮೇಸ್ತ್ರಿ ಆಯಿಲ್ ತುಂಬುವ ನಟ್ಟನ್ನು ಬಿಚ್ಚಿ ಕಿರುಬೆರಳು ಹಾಕಿ ನೋಡಿದರು. ನೀರು ಸೇರಿರಲಿಲ್ಲ. ಮಟ್ಟ ಮಾತ್ರ ಸ್ವಲ್ಪ ಕೆಳಗಿತ್ತು, ತುಂಬಿಸಿದರು. ಡೀಸೆಲ್ ಬಟ್ಟೆಯಲ್ಲಿ ಎಲ್ಲ ಒರೆಸಿ, "ಘಾಟಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ" ಅಂದರು. ವಾಪಸ್ ಬಂದಾಗ ಆ ಸೀಲಿನ ಸುತ್ತ ಒಣಗೇ ಇತ್ತು.

ಬೂಟಿನ ಒಳಗಿನ ಜಾಯಿಂಟ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಆರು ಉಕ್ಕಿನ ಗುಂಡು. ರ್ಝೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಮಾಡಿದ ಜಾಯಿಂಟ್ ಇದು, ಇವತ್ತಿಗೂ ಕಾರುಗಳ ಮುಂದಿನ ಚಕ್ರಗಳಲ್ಲಿ ಇದೇ ಓಡುತ್ತಿದೆ. ಮೇಸ್ತ್ರಿಗೆ ಆ ಹೆಸರು ಗೊತ್ತಿಲ್ಲ. ಆದರೆ ಒಂದೊಂದೇ ಗುಂಡನ್ನು ಒರೆಸಿ ಬೆಳಕಿಗೆ ಹಿಡಿದು, ಅವು ಓಡುವ ಜಾಡಿನಲ್ಲಿ ಉಗುರು ಎಳೆದು ನೋಡಿದರು. ಗುಳಿ ಬಿದ್ದಿರಲಿಲ್ಲ. ತಿರುವಿನಲ್ಲಿ ಕಟಕಟ ಸದ್ದೂ ಇರಲಿಲ್ಲವಲ್ಲ. ಹೊಸ ಬೂಟು, ಹೊಸ ಗ್ರೀಸ್, ಎರಡು ಕ್ಲಿಪ್. ಅಷ್ಟೇ ಸಾಕಾಯಿತು.

ಆ ಸರ್ವಿಸ್ ಸೆಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗುಂಡಿಗೆ ಇಳಿಯಲು ಯಾರೂ ಕಲಿಸಿಲ್ಲ. ಕೈ ಕೊಳೆಯಾದರೆ ಕೆಳಗಿನ ಕೆಲಸ ಅಂತ ಅವನ ಮೇಲಿನವರೇ ತಿಳಿದಿದ್ದಾರೆ. ಸಿಟ್ಟು ಅವರ ಮೇಲೆ. ಬೂಟು ಹರಿದದ್ದಕ್ಕೆ ಶಾಫ್ಟನ್ನೇ ಎಸೆಯುವುದು ರಿಪೇರಿಯಾ? ತೋಟದಲ್ಲೂ ಇದನ್ನೇ ನೋಡುತ್ತಿದ್ದೇನೆ. ಮೆಣಸಿನ ಬಳ್ಳಿ ಹಳದಿಯಾದರೆ ಸಾಕು, ಅಂಗಡಿಯವನು ಒಂದು ಡಬ್ಬಿ ಕೊಡುತ್ತಾನೆ. ಶೀಘ್ರ ಸೊರಗು ರೋಗವೋ, ನಿಧಾನ ಸೊರಗು ರೋಗವೋ, ಬುಡದಲ್ಲಿ ಸುಮ್ನೆ ನೀರು ನಿಂತಿದೆಯೋ? ಬುಡ ಕೆದಕಿ ಬೇರು ನೋಡಿದರೆ ಗೊತ್ತಾಗುತ್ತದೆ. ಕೆದಕುವವರು ಕಡಿಮೆಯಾಗಿದ್ದಾರೆ. ಮೇಸ್ತ್ರಿಗೆ ವಯಸ್ಸಾಗಿದೆ, ಕೈಕೆಳಗೆ ಕಲಿಯುವವರು ಯಾರೂ ಇಲ್ಲ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಅದು.

ಪಕ್ಕದ ತೋಟದವರ ಗಾಡಿಗೂ ಹೆಚ್ಚುಕಡಿಮೆ ಇದೇ ಎಸ್ಟಿಮೇಟ್ ಬಂದಿದೆಯಂತೆ. ನಾಳೆ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಗಾಡಿ ತೊಳೆಸಬೇಡಿ ಅಂತ ಹೇಳಿದ್ದೇನೆ. ಗ್ರೀಸ್ ಎಲ್ಲೆಲ್ಲಿ ಎರಚಿದೆ ಅನ್ನುವ ಗುರುತು ತೊಳೆದುಹೋದರೆ ಹುಡುಕುವುದು ಕಷ್ಟ.