ತಿಮಿಂಗಿಲ ಹಂಚಿದ ದಿನ

ಉಟ್ಕಿಯಾಗ್ವಿಕ್, ಅಲಾಸ್ಕಾ
22 ಜೂನ್ 2024, ಶನಿವಾರ

ರಾತ್ರಿ ಹನ್ನೊಂದಾದರೂ ಕಿಟಕಿಯಲ್ಲಿ ಬಿಸಿಲು. ಮೇ ತಿಂಗಳಲ್ಲಿ ಮೂಡಿದ ಸೂರ್ಯ ಇಲ್ಲಿ ಆಗಸ್ಟ್‌ವರೆಗೆ ಮುಳುಗುವುದಿಲ್ಲ. ನಲುಕಟಾಕ್ ಹಬ್ಬವೂ ಮುಗಿಯುವ ಹಾಗೆ ಕಾಣುತ್ತಿಲ್ಲ.

ವಸಂತದಲ್ಲಿ ತಿಮಿಂಗಿಲ ಹಿಡಿದ ದೋಣಿಯವರು ಊರಿಗೆಲ್ಲ ಊಟ ಹಾಕುವ ಹಬ್ಬ ಇದು. ಗಾಳಿಗೆ ಅಡ್ಡಲಾಗಿ ಟಾರ್ಪಾಲು ಕಟ್ಟಿದ್ದರು. ಮೊದಲು ಹೆಬ್ಬಾತಿನ ಸಾರು, ಆಮೇಲೆ ಮಕ್ತಾಕ್: ಕರ್ರಗಿನ ಚರ್ಮ, ಅದರಡಿ ತಿಳಿಗುಲಾಬಿ ಕೊಬ್ಬು. ಜಾತ್ರೆಯ ಪಂಕ್ತಿಯಲ್ಲಿ ಬಡಿಸಿದಂತೆ ಯಾರನ್ನೂ ಬಿಡದೆ ಬಡಿಸುತ್ತಾ ಬಂದರು. ಈ ಮಾಂಸ ಮಾರುವಂತಿಲ್ಲ, ಹಂಚಬೇಕು. ಪಕ್ಕದ ಅಜ್ಜಿ ತನ್ನ ಪಾಲಿನಲ್ಲಿ ಅರ್ಧವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಆಂಕರೇಜ್‌ನಲ್ಲಿರುವ ಮಗಳಿಗೆಂದು ಎತ್ತಿಟ್ಟರು. ನಾನು ಮಾಂಸ ತಿನ್ನುವವಳಲ್ಲ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ, ಬ್ರೆಡ್ಡು, ಚಹಾ ತರಿಸಿದರು.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಈ ಊಟಕ್ಕೇ ಕಲ್ಲು ಹಾಕಿತ್ತು. ಇಲ್ಲಿ ಹಿಡಿಯುವ ಬೋಹೆಡ್ ಜಾತಿಯ ತಿಮಿಂಗಿಲಗಳು ಒಂದೆರಡು ಸಾವಿರವೂ ಉಳಿದಿಲ್ಲ, ಬೇಟೆ ನಿಲ್ಲಿಸಿ ಎಂದಿತು. ಭಯ ಸುಳ್ಳಲ್ಲ. ಆದರೆ 1848ರಿಂದ ಬಂದು ಇವುಗಳನ್ನು ಬಾಚಿಕೊಂಡು ಹೋದದ್ದು ಅಮೆರಿಕದ ವ್ಯಾಪಾರಿ ಹಡಗುಗಳು. ದಂಡ ತೆತ್ತವರು ಇಲ್ಲಿನ ಮೂಲನಿವಾಸಿಗಳಾದ ಇನೂಪಿಯಾಟರು! ಅವರು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ತಮ್ಮದೇ ತಿಮಿಂಗಿಲ ಆಯೋಗ ಕಟ್ಟಿ, ದೂರದೂರದ ಸಭೆಗಳಿಗೆ ಹೋಗಿ ವಾದಿಸಿದರು. ಮರುವರ್ಷಕ್ಕೆ ದಕ್ಕಿದ್ದು ಎಲ್ಲ ಹಳ್ಳಿಗಳಿಗೂ ಸೇರಿ ಬರೀ 12 ತಿಮಿಂಗಿಲ.

ವಿಜ್ಞಾನಿಗಳು ಹೆಪ್ಪುಗಟ್ಟಿದ ಕಡಲಿನ ಹಿಮದ ಅಂಚಿನಲ್ಲಿ ನಿಂತು, ಬಿರುಕಿನ ನೀರಲ್ಲಿ ಕಂಡವನ್ನಷ್ಟೇ ಎಣಿಸಿದ್ದರು. ಬೇಟೆಗಾರರು ಹೇಳಿದ್ದು ಬೇರೆ: ಅವು ಹಿಮದ ಅಡಿಯಲ್ಲೇ ಸಾಗುತ್ತವೆ, ತಲೆಯಿಂದ ಹಿಮ ಒಡೆದು ಉಸಿರಾಡುತ್ತವೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಎಂಬತ್ತರ ದಶಕದಲ್ಲಿ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇಳಿಸಿದಾಗ ಕಾಣದ ತಿಮಿಂಗಿಲಗಳ ದನಿ ಕೇಳಿತು. ಲೆಕ್ಕ ಏರುತ್ತಾ ಹೋಗಿ 2011ರ ಎಣಿಕೆಯಲ್ಲಿ ಸುಮಾರು 17,000 ಮುಟ್ಟಿತು. ಬೇಟೆಯೂ ನಡೆದಿತ್ತು, ತಿಮಿಂಗಿಲವೂ ಹೆಚ್ಚಿತ್ತು. 2018ರಲ್ಲಿ ಅಂತರರಾಷ್ಟ್ರೀಯ ಆಯೋಗ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್ ಸಭೆಯಲ್ಲಿ ಏಳು ವರ್ಷಕ್ಕೆ 392 ತಿಮಿಂಗಿಲ ಹಿಡಿಯಬಹುದು ಎಂದು ಒಪ್ಪಿತು. ಅದರಲ್ಲಿ ರಷ್ಯಾದ ಚುಕೋಟ್ಕಾದವರ ಪಾಲೂ ಸೇರಿತ್ತು.

ತಿಮಿಂಗಿಲಗಳನ್ನು ಕಣ್ಣೆದುರು ನೋಡುತ್ತಲೇ ಹುಟ್ಟಿ ಬೆಳೆದವರ ಮಾತನ್ನು ಯಂತ್ರ ಹೌದೆನ್ನುವವರೆಗೂ ನಂಬದೇ ಹೋದರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಇದನ್ನೇ ಒಬ್ಬ ಹಿರಿಯ ದೋಣಿ ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಏನೂ ಅನ್ನದೆ ಗೋಡೆಗೆ ಒರಗಿಸಿದ್ದ ಹುಟ್ಟು ತಂದು, ಅದರ ಅಲಗನ್ನು ನೆಲಕ್ಕೂರಿ, ಹಿಡಿಕೆಗೆ ಕಿವಿಯಿಟ್ಟು ತೋರಿಸಿದರು. ನೀರಿಗೆ ಹೀಗೆ ಇಳಿಸಿದರೆ ಒಳಗಿನ ಪ್ರಾಣಿಗಳ ಸದ್ದೆಲ್ಲ ಕಟ್ಟಿಗೆಯಲ್ಲಿ ಹತ್ತಿ ಬರುತ್ತದಂತೆ. ಅವರಪ್ಪ ಕಲಿಸಿದ್ದು.