ಚಿತ್ರ ಬಿಡಿಸೋಕೆ ಇಷ್ಟೆಲ್ಲ ಯಾಕಮ್ಮ?

"ಚಿತ್ರ ಬಿಡಿಸೋಕೆ ಇಷ್ಟೆಲ್ಲ ಯಾಕಮ್ಮ? ಗೇಮ್ ಗೀಮ್ ಆಡ್ತೀಯಾ?"

ಈ ಭಾನುವಾರ ಭಾವ ಕೇಳಿದ್ದು. ಹೊಸ ಲ್ಯಾಪ್‌ಟಾಪಿಗೆಂದು ನಾನು ಬರೆದಿಟ್ಟಿದ್ದ ಪಟ್ಟಿ ಅವರ ಕೈಯಲ್ಲಿತ್ತು. 32 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಎಸ್‌ಆರ್‌ಜಿಬಿ ಎಂಬ ಅಳತೆಯ ಬಣ್ಣಗಳನ್ನು ಪೂರ್ತಿ ತೋರಿಸುವ ಡಿಸ್‌ಪ್ಲೇ. ಕುಹಕದಿಂದ ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದು. ಅದಕ್ಕೇ ಇರಬೇಕು, ವಾರವೆಲ್ಲ ಆ ಮಾತು ಮನಸ್ಸಿನಿಂದ ಇಳಿದಿಲ್ಲ. ಕುಹಕವಾಗಿದ್ದರೆ ಒಂದು ಖಾರದ ಉತ್ತರ ಕೊಟ್ಟು ಮರೆತುಬಿಡುತ್ತಿದ್ದೆ.

ಭಾವ ಒಳ್ಳೆಯವರು. ಮನೆಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲು ಬರುವುದು ಅವರೇ, ಬಂದರೆ ಸರಿಮಾಡದೆ ಎದ್ದು ಹೋಗುವವರಲ್ಲ. ಅವರಿಗೆ ಆಫೀಸಿನವರು ಕೊಟ್ಟಿರುವ ಲ್ಯಾಪ್‌ಟಾಪಿನಲ್ಲಿ 64 ಜಿಬಿ ರ‍್ಯಾಮ್ ಇದೆ. ಅಕ್ಕ ಒಳಗಿನಿಂದಲೇ ಕೂಗಿ ಹೇಳಿದಳು: "ಕೋಡ್ ಬರೆಯೋಕೆ ಇಷ್ಟೆಲ್ಲ ಯಾಕೆ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಭಾವ ನಕ್ಕರು. ನನಗೆ ನಗು ಬರಲಿಲ್ಲ, ಅಕ್ಕನ ಮೇಲೆ ಪ್ರೀತಿ ಉಕ್ಕಿತು.

ನಾನು ವಾದಕ್ಕೆ ಹೋಗಲಿಲ್ಲ. ಮಕ್ಕಳ ಪುಸ್ತಕಕ್ಕೆ ಮಾಡುತ್ತಿರುವ ಎರಡು ಪುಟದ ಚಿತ್ರವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದೆ. ಅದು ಪರದೆ ಮಡಚಿ ಅದರ ಮೇಲೇ ಪೆನ್ನಿನಿಂದ ಬರೆಯುವಂಥದ್ದು. ಪೆನ್ನನ್ನು ಅವರ ಕೈಗೆ ಕೊಟ್ಟು, "ಭಾವ, ಇಲ್ಲೊಂದು ನಿಮ್ಮ ಸಹಿ ಹಾಕಿ" ಎಂದೆ.

ಹಾಕಿದರು. ಅವರದು ಒಂದೇ ಉಸಿರಿನಲ್ಲಿ ಮುಗಿಯುವ ಸಹಿ, ಮೊದಲಕ್ಷರಕ್ಕೆ ದೊಡ್ಡ ಸುತ್ತು, ಕೊನೆಗೆ ಹಿಂದಕ್ಕೆ ಬರುವ ಗೆರೆ. ಪೆನ್ನು ಓಡಿತು, ಪರದೆ ಖಾಲಿ. ಅವರು ಕೈ ಎತ್ತಿದ ಮೇಲೆ ಗೆರೆ ಒಂದೊಂದೇ ತುಂಡಾಗಿ ಮೂಡುತ್ತಾ ಬಂತು. ದುಂಡಗಿರಬೇಕಿದ್ದ ಸುತ್ತು ಮೂಲೆ ಮೂಲೆಯಾಗಿ ಮುರಿದಿತ್ತು. ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲದಾಗ ಪೆನ್ನು ಹೋದ ದಾರಿಯ ಎಷ್ಟೋ ಬಿಂದುಗಳು ಕೈತಪ್ಪುತ್ತವೆ, ಉಳಿದವನ್ನು ನೇರ ಗೆರೆಗಳಿಂದ ಜೋಡಿಸಿಬಿಡುತ್ತದೆ.

ಭಾವ ಅದನ್ನೇ ನೋಡುತ್ತಾ ಕೂತರು. "ಇದು ನನ್ನ ಸಹಿ ಥರ ಇಲ್ವಲ್ಲ" ಎಂದರು.

ಈ ಮಾತೂ ಅಷ್ಟೇ, ಮತ್ತೆ ಮತ್ತೆ ಕೇಳಿಸುತ್ತಿದೆ. ನಾನು ಎಷ್ಟೋ ತಿಂಗಳಿಂದ ಹೇಳಲು ಒದ್ದಾಡುತ್ತಿದ್ದುದನ್ನು ಅವರು ಒಂದೇ ಸಹಿಯಲ್ಲಿ ಹೇಳಿಬಿಟ್ಟರು. ನನ್ನ ಚಿತ್ರಗಳೂ ಈಚೆಗೆ ನನ್ನವು ಅನ್ನಿಸುತ್ತಿರಲಿಲ್ಲ.

ಆಮೇಲೆ ಅವರಿಗೆ ಲೆಕ್ಕ ಹೇಳಿದೆ. ಎ3 ಅಳತೆಯ ಚಿತ್ರ, ಅಚ್ಚಿಗೆ ಹೋಗುವುದರಿಂದ ಇಂಚಿಗೆ 300 ಪಿಕ್ಸೆಲ್. ಅಂದರೆ ಅಡ್ಡಕ್ಕೆ 4961, ಎತ್ತರಕ್ಕೆ 3508, ಒಟ್ಟು ಸುಮಾರು 1 ಕೋಟಿ 74 ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು 4 ಬೈಟ್ ಹಿಡಿದರೆ ಒಂದು ಲೇಯರಿಗೆ, ಅಂದರೆ ಒಂದರ ಮೇಲೊಂದು ಇಟ್ಟು ಬರೆಯುವ ಪದರಕ್ಕೆ, ಹತ್ತಿರ ಹತ್ತಿರ 70 ಎಂಬಿ. ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದಷ್ಟು ಜಾಣತನ ಒಳ್ಳೆಯ ಸಾಫ್ಟ್‌ವೇರ್‌ಗಳಿಗಿದೆ. ಆದರೆ ಕಾಗದದ ತರಿ, ನೀರು ಹರಡಿದಂಥ ಬಣ್ಣ, ನೆರಳು ಎಲ್ಲ ಪುಟದ ಉದ್ದಗಲಕ್ಕೂ ಹಬ್ಬುತ್ತವೆ. ಅಂಥ 50 ಲೇಯರ್ ಆದರೆ ಮೂರೂವರೆ ಜಿಬಿ. ಅದರ ಮೇಲೆ ಅಂಡೂ ಮಾಡಲು ಇಟ್ಟುಕೊಳ್ಳುವ ಹಿಂದಿನ ಹೆಜ್ಜೆಗಳು, ನೋಡಿ ಬರೆಯಲು ತೆರೆದಿಟ್ಟ ಫೋಟೋಗಳು, ವಿಂಡೋಸ್ ತನ್ನ ಪಾಲಿಗೆ ಇಟ್ಟುಕೊಂಡದ್ದು. ನನ್ನ ಹಳೆಯದರಲ್ಲಿ ಇರುವುದು 8 ಜಿಬಿ.

"ಓ, ಸ್ವಾಪ್ ಆಗ್ತಿದೆ" ಎಂದರು ಭಾವ ತಕ್ಷಣ. ರ‍್ಯಾಮ್ ತುಂಬಿ, ಉಳಿದದ್ದು ಡಿಸ್ಕಿಗೆ ಹೋಗಿ ಬಂದು ಮಾಡುತ್ತಿದೆ ಅಂತ. "ಇನ್ನೊಂದು ಸ್ಟಿಕ್ ಹಾಕಿಸಿದ್ರೆ ಸಾಲ್ದಾ?" ಸಾಲುತ್ತಿತ್ತೋ ಏನೋ, ಆದರೆ ಇದರಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ತೆಳು ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಹೀಗೇ. ಕೊಳ್ಳುವ ದಿನ ಎಷ್ಟಿತ್ತೋ ಕಡೆಯವರೆಗೂ ಅಷ್ಟೇ.

ನನ್ನನ್ನು ಕಾಡುವುದು ಇಲ್ಲಿ ಒಂದಿದೆ. ಕೋಟಿ ಪಿಕ್ಸೆಲ್ ಎಂದ ಕೂಡಲೇ ಭಾವನ ಮುಖದಲ್ಲಿ ಗೌರವ ಬಂತು. "ಕೈಗೆ ಹಿಡಿತ ಸಿಗ್ತಿಲ್ಲ, ಗೆರೆ ನನ್ನ ಮಾತು ಕೇಳ್ತಿಲ್ಲ" ಎಂದು ಹಿಂದೆ ಹೇಳಿದ್ದಾಗ ಬಂದಿರಲಿಲ್ಲ. ಎರಡೂ ಒಂದೇ ತೊಂದರೆ. ಕೈಯ ಅನುಭವ ಅಂಕಿಯ ವೇಷ ತೊಟ್ಟು ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ ಅನ್ನುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಅಂಕಿಗಳೂ ಇವೆ, ಇಲ್ಲವೆಂದಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಒಂದು ಪ್ರಯೋಗದ ವಿಡಿಯೊ ತೋರಿಸಿದ್ದರು. ಆಗಿನ ಟಚ್ ಪರದೆಗಳಲ್ಲಿ ಸಾಮಾನ್ಯವಾಗಿದ್ದ 100 ಮಿಲಿಸೆಕೆಂಡಿನ ತಡವನ್ನು ಇಳಿಸುತ್ತಾ ಇಳಿಸುತ್ತಾ 1 ಮಿಲಿಸೆಕೆಂಡಿಗೆ ತಂದಾಗ, ಬೆರಳ ಹಿಂದೆ ಓಡಿಬರುತ್ತಿದ್ದ ಗೆರೆ ಬೆರಳಿಗೇ ಅಂಟಿಕೊಳ್ಳುತ್ತದೆ. ಆಪಲ್ 2019ರಲ್ಲಿ ಐಪ್ಯಾಡಿನ ಮೇಲೆ ಬರೆಯುವ ತನ್ನ ಪೆನ್ಸಿಲಿನ ತಡವನ್ನು 20ರಿಂದ 9 ಮಿಲಿಸೆಕೆಂಡಿಗೆ ಇಳಿಸಿದ್ದನ್ನು ದೊಡ್ಡ ಸುದ್ದಿಯಾಗಿ ಹೇಳಿಕೊಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲದ ಈ ಅಂತರಕ್ಕೆ ಅಷ್ಟು ದೊಡ್ಡ ಕಂಪನಿಗಳು ಯಾಕೆ ಹೆಣಗುತ್ತವೆ ಎಂಬುದು ಚಿತ್ರ ಬರೆಯುವ ಎಲ್ಲರಿಗೂ ಗೊತ್ತು. ಗೆರೆ ಎಳೆಯುವಾಗ ಕಣ್ಣು ಕೈಯನ್ನು ತಿದ್ದುತ್ತಲೇ ಇರುತ್ತದೆ. ಮೀಟಿದ ಮೇಲೆ ಅರೆಕ್ಷಣ ತಡೆದು ನಾದ ಬಂದರೆ ವೀಣೆ ನುಡಿಸುವವರ ಬೆರಳು ಏನಾದೀತು? ಬೆರಳು ಹೆದರುತ್ತದೆ. ನನ್ನ ಕೈಗೂ ಆಗಿದ್ದು ಅದೇ. ಗೆರೆ ತಡವಾದರೆ ಕೈ ನಿಧಾನ ಮಾಡುತ್ತದೆ, ನಿಧಾನ ಮಾಡಿದ ಕೈ ನಡುಗುತ್ತದೆ, ನಡುಗಿದ ಗೆರೆಯನ್ನು ಅಳಿಸಿ ಮತ್ತೆ ಎಳೆಯಬೇಕು.

ಭಾವ ಹೋದ ಮೇಲೆ ನಾನು ಹಳೆಯ ಫೈಲುಗಳನ್ನೆಲ್ಲ ತೆರೆದು ನೋಡಿದೆ. ಒಂದು ಕಾಲಕ್ಕೆ ಅಂಗೈಯಗಲದ ಬ್ರಶ್ಶಿನಿಂದ ಆಕಾಶವನ್ನು ಒಂದೇ ಬೀಸಿಗೆ ತುಂಬುತ್ತಿದ್ದೆ. ಈಗಿನ ಚಿತ್ರಗಳಲ್ಲಿ ಆಕಾಶವೆಲ್ಲ ಸಣ್ಣ ಸಣ್ಣ ತೇಪೆ. ದೊಡ್ಡ ಬ್ರಶ್ ಅಂದರೆ ಪ್ರತಿ ಬಿಂದುವಿಗೂ ಲಕ್ಷಾಂತರ ಪಿಕ್ಸೆಲ್ಲುಗಳ ಲೆಕ್ಕ, ಅದಕ್ಕೆ ಯಂತ್ರ ಒದ್ದಾಡುತ್ತಿತ್ತು, ಹಾಗಾಗಿ ಕೈ ತಾನಾಗಿಯೇ ಚಿಕ್ಕ ಬ್ರಶ್ಶಿಗೆ ಹೊರಳಿತು. ಜಾಗ ಸಾಲದೆ ಲೇಯರುಗಳನ್ನು ಬೇಗ ಬೇಗ ಒಂದು ಮಾಡಿಬಿಡುತ್ತಿದ್ದೆ. ಒಂದು ಮಾಡಿದ ಮೇಲೆ ಮರದ ನೆರಳನ್ನು ಮಾತ್ರ ಬದಲಿಸಲು ಬರುವುದಿಲ್ಲ, ಬದಲಿಸಲು ಬಾರದ್ದನ್ನು "ಇರಲಿ, ಚೆನ್ನಾಗೇ ಇದೆ" ಎಂದು ಒಪ್ಪಿಕೊಳ್ಳುತ್ತೇವೆ. ಕ್ಯಾನ್ವಾಸ್ ತಿರುಗಿಸಿದರೆ ಯಂತ್ರ ನಿಲ್ಲುತ್ತದೆಂದು ತಿರುಗಿಸುವುದನ್ನೇ ಬಿಟ್ಟೆ, ನನ್ನ ಮಣಿಕಟ್ಟಿಗೆ ಸಹಜವಾದ ಬಾಗು ಎಲ್ಲ ದಿಕ್ಕಿನಲ್ಲೂ ಬರುವುದು ನಿಂತಿತು. ಓದಿದವರು "ನಿಮ್ಮ ಶೈಲಿ ಈಚೆಗೆ ಬದಲಾಗಿದೆ, ಸೂಕ್ಷ್ಮವಾಗಿದೆ" ಎಂದರು. ಆ ಶೈಲಿ ನನ್ನ ಆಯ್ಕೆಯಾಗಿರಲಿಲ್ಲ. 8 ಜಿಬಿ ರ‍್ಯಾಮ್ ಆರಿಸಿದ ಶೈಲಿ ಅದು.

ಗೆಳತಿಯೊಬ್ಬಳು ಇದನ್ನು ಕೇಳಿ, "ಕಾಗದಕ್ಕೆ ವಾಪಸ್ ಬಾ, ಅಲ್ಲಿ ಲ್ಯಾಗ್ ಇಲ್ಲ" ಎಂದಳು. ಅವಳು ಅದ್ಭುತವಾಗಿ ಜಲವರ್ಣ ಮಾಡುತ್ತಾಳೆ, ಆದರೂ ಈ ಮಾತು ನನಗೆ ಹಿಡಿಸಲಿಲ್ಲ. ಕಾಗದ ನನಗೂ ಇಷ್ಟ. ಆದರೆ ಪ್ರಕಾಶಕರು ನರಿಯ ಅಂಗಿ ಹಸಿರಾಗಲಿ ಎಂದಾಗ ಕಾಗದ ಬದಲಾಗುವುದಿಲ್ಲ. ಇದೂ ಒಂದು ಮಾಧ್ಯಮವೇ. ಕಾಗದ ಒಳ್ಳೆಯದಿರಬೇಕು, ಬ್ರಶ್ಶಿನ ಕೂದಲು ಒಳ್ಳೆಯದಿರಬೇಕು ಎಂದು ಹಟ ಹಿಡಿಯುವವರು, ಇದರಲ್ಲಿ ಮಾತ್ರ ಸಿಕ್ಕಿದ್ದರಲ್ಲಿ ಸುಧಾರಿಸಿಕೋ ಅನ್ನುವುದು ನ್ಯಾಯವಲ್ಲ.

ಮತ್ತೆ ಭಾವನ ಪ್ರಶ್ನೆಗೇ ಬಂದರೆ, ಅದಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದರು. ಪರದೆಯ ಮೇಲೆ ಲೈಟ್ ಪೆನ್ ಇಟ್ಟು ಗೆರೆ ಎಳೆಯುವುದು, ಎಳೆದದ್ದನ್ನು ಹಿಡಿದು ಜರುಗಿಸುವುದು. ಅದು ಓಡಿದ್ದು ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿದ್ದ ಟಿಎಕ್ಸ್-2 ಮೇಲೆ, ಕೋಣೆ ತುಂಬುವಂಥ ಯಂತ್ರ, ಆ ಕಾಲದ ದೊಡ್ಡ ಕಂಪ್ಯೂಟರುಗಳಲ್ಲಿ ಒಂದು. ಕೈಯ ಚಲನೆಗೆ ಕೂಡಲೇ ಸ್ಪಂದಿಸುವುದು ಮೊದಲಿನಿಂದಲೂ ಕಂಪ್ಯೂಟರಿಗೆ ಭಾರದ ಕೆಲಸ. ಗೆರೆ ನೋಡಲು ಹಗುರ, ಅಷ್ಟೇ. ಚಿತ್ರ ಎಷ್ಟು ಸಲೀಸಾಗಿ ಕಾಣುತ್ತದೋ ಅದರ ಹಿಂದಿನ ಕೆಲಸವೂ ಅಷ್ಟೇ ಸಲೀಸು ಎಂದು ಜನ ತಿಳಿಯುತ್ತಾರೆ. ಕಲಾವಿದರನ್ನು "ಎಷ್ಟು ಹೊತ್ತಿನ ಕೆಲಸ, ಒಂದು ಬಿಡಿಸಿಕೊಟ್ಟುಬಿಡಿ" ಎಂದು ಕೇಳುವುದೂ, "ಇಷ್ಟೆಲ್ಲ ಯಾಕೆ" ಎನ್ನುವುದೂ ಒಂದೇ ಬೇರಿನಿಂದ ಬಂದ ಮಾತುಗಳು. ಭಾವನಂಥ ಪ್ರೀತಿಯ ಮನುಷ್ಯರ ಬಾಯಲ್ಲೂ ಅದು ಬರುತ್ತದೆಂದರೆ ಬೇರು ಎಷ್ಟು ಆಳಕ್ಕಿರಬೇಕು.

ಅಂದು ಸಂಜೆ ಇಬ್ಬರೂ ಕೂತು ಹುಡುಕಿದೆವು. ಭಾವ ಗ್ರಾಫಿಕ್ಸ್ ಕಾರ್ಡಿನ ಹಿಂದೆ ಬಿದ್ದರು. ಬರೀ ಪೇಂಟಿಂಗ್ ಆದರೆ ಅದರ ಪಾಲು ಕಡಿಮೆ, ಕ್ಯಾನ್ವಾಸನ್ನು ಹಿಗ್ಗಿಸಿ ತಿರುಗಿಸುವುದಕ್ಕೆ, ಕೆಲವು ಫಿಲ್ಟರಿಗೆ ಬೇಕು. ಬ್ರಶ್ಶಿನ ಲೆಕ್ಕವೆಲ್ಲ ಬಹುಪಾಲು ಪ್ರೊಸೆಸರಿನದು, ಅದರಲ್ಲೂ ಒಂದೊಂದು ಕೋರ್ ಎಷ್ಟು ಚುರುಕು ಎಂಬುದು ಮುಖ್ಯ. ನಾನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಮನೆ, ಬೀದಿ ಕಟ್ಟಿಕೊಂಡು ಅದರ ಮೇಲೆ ಬರೆಯುವುದುಂಟು, ಅದಕ್ಕೆ ಕಾರ್ಡು ಬೇಕೇ ಬೇಕು. ಒಂದೇ ಹೆಸರಿನ ಕಾರ್ಡು ಎಲ್ಲದರಲ್ಲೂ ಒಂದೇ ಅಲ್ಲ ಎಂಬುದು ಭಾವನಿಗೂ ಹೊಸದು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಕಾರ್ಡಿಗೆ ಅದರ ತಯಾರಕರಾದ ಎನ್‌ವಿಡಿಯಾ ಹೇಳುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್. ತೆಳು ಮೈಯದರಲ್ಲಿ ಶಾಖ ಹೊರಹಾಕಲು ಜಾಗವಿಲ್ಲದೆ ಕೆಳಗಿನ ತುದಿಯಲ್ಲೇ ಓಡುತ್ತಿರುತ್ತದೆ. ಹೆಸರು ನೋಡಿ ಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ. ಎಐ ಎಂದು ಅಂಟಿಸಿರುವ ಸ್ಟಿಕರುಗಳಿಂದ ನನ್ನ ಗೆರೆಗೆ ಏನೂ ಆಗಬೇಕಾದ್ದಿಲ್ಲ, ಅವನ್ನು ದಾಟಿ ಮುಂದೆ ಹೋದೆವು.

ನಾನು ಹಟ ಹಿಡಿದದ್ದು ಡಿಸ್‌ಪ್ಲೇಗೆ. ಬಣ್ಣದ ವಿಚಾರದಲ್ಲಿ ವಿವರಪಟ್ಟಿಗಳು ಬಾಯಿ ಮುಚ್ಚಿಕೊಂಡಿರುತ್ತವೆ, ಇಲ್ಲವೇ ಮೂಲೆಯಲ್ಲಿ "45% ಎನ್‌ಟಿಎಸ್‌ಸಿ" ಎಂದಿರುತ್ತದೆ, ಹಳೆಯ ಟಿವಿ ಕಾಲದ ಬಣ್ಣದ ಅಳತೆ ಅದು. ಅಂದರೆ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲೂ ಅಂಥ ಪರದೆಯಲ್ಲಿ ಕಾಣುವುದು ಕಷ್ಟ. ಗಿಳಿಯ ರೆಕ್ಕೆಯಲ್ಲಿ ನಾನು ಎರಡು ಹಸಿರು ಇಟ್ಟಿದ್ದರೆ ಪರದೆ ಒಂದನ್ನೇ ತೋರಿಸೀತು, ಕಾಣದ ಬಣ್ಣವನ್ನು ಯಾರು ತಾನೇ ತೂಗಿ ನೋಡಿಯಾರು. ವೇಗಕ್ಕೆ ದುಡ್ಡು ಸಾಲದಿದ್ದರೆ ಸ್ವಲ್ಪ ಕಾಯಬಹುದು. ತಪ್ಪು ಬಣ್ಣ ತೋರಿಸುವ ಪರದೆಯಲ್ಲಿ ಎಷ್ಟು ಕಾದರೂ ಸರಿ ಬಣ್ಣ ಬರುವುದಿಲ್ಲ.

ಕೊನೆಗೆ ನಿರ್ಧಾರವಾದದ್ದು ಇದು. ಪರದೆಯ ಮೇಲೇ ಬರೆಯುವ ಮಡಚುವ ಲ್ಯಾಪ್‌ಟಾಪ್ ಈ ಸಲ ಬೇಡ. ರ‍್ಯಾಮಿಗೆ ಎರಡು ಸ್ಲಾಟ್ ಇರುವ, ಸ್ವಲ್ಪ ದಪ್ಪಗಿನ, ಫ್ಯಾನ್ ಸರಿಯಾಗಿ ಉಸಿರಾಡುವ ಲ್ಯಾಪ್‌ಟಾಪ್, ಜೊತೆಗೆ ಪೆನ್ನಿನಿಂದ ಮೇಲೇ ಬರೆಯಬಹುದಾದ ಪ್ರತ್ಯೇಕ ಪೆನ್ ಡಿಸ್‌ಪ್ಲೇ. ಲ್ಯಾಪ್‌ಟಾಪ್ ಹಳತಾದಾಗ ಅದನ್ನು ಮಾತ್ರ ಬದಲಿಸಿದರಾಯಿತು, ಕೈಗೆ ಒಗ್ಗಿದ ಪೆನ್ನು ಉಳಿಯುತ್ತದೆ. ಹೊರುವ ಭಾರ ಹೆಚ್ಚು, ಅದಕ್ಕೆ ನಾನು ತಯಾರಿದ್ದೇನೆ. ಎರಡೂ ಪರದೆಗಳ ಬಣ್ಣ ಒಂದಕ್ಕೊಂದು ಹೊಂದುವಂತೆ ಅಳೆದು ಕೂರಿಸಲು ಕ್ಯಾಲಿಬ್ರೇಟರ್ ಗೆಳತಿಯ ಹತ್ತಿರ ಇದೆ, ಕೊಡುತ್ತೇನೆಂದಿದ್ದಾಳೆ.

ಪೆನ್ನಿನ ವಿಷಯದಲ್ಲಿ ಒತ್ತುವ ಬಲವನ್ನು 8192 ಹಂತಗಳಲ್ಲಿ ಗುರುತಿಸುತ್ತದೆ ಎಂಬ ದೊಡ್ಡ ಅಂಕಿಗೆ ನಾನು ಮರುಳಾಗುವುದಿಲ್ಲ. ಪೆನ್ನು ಬರೆಯತೊಡಗಲು ಎಷ್ಟು ಹಗುರವಾಗಿ ಒತ್ತಿದರೆ ಸಾಕು ಎಂಬುದೇ ಅದಕ್ಕಿಂತ ದೊಡ್ಡದು, ಕೂದಲೆಳೆಯಂಥ ಗೆರೆ ಹುಟ್ಟುವುದು ಅಲ್ಲೇ. ಬಂದ ದಿನವೇ ಸ್ಕೇಲ್ ಇಟ್ಟು ಓರೆಯಾಗಿ, ಆದಷ್ಟು ನಿಧಾನಕ್ಕೆ ಗೆರೆ ಎಳೆದು ನೋಡುತ್ತೇನೆ. ಸ್ಕೇಲಿನ ಅಂಚಿಗೆ ಹತ್ತಿ ಹೋದರೂ ಗೆರೆ ಅಲೆಅಲೆಯಾಗಿ ಬಂದರೆ ತೊಂದರೆ ಪೆನ್ನಿನದು, ಕೈಯದಲ್ಲ. ಆಗ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಬೇಕು. ಆ ಗಡುವು ಎಷ್ಟು ದಿನ ಎಂದು ಆರ್ಡರ್ ಮಾಡುವ ಮುಂಚೆ ಓದಿಕೊಳ್ಳುವ ಕೆಲಸ ಭಾವ ತಾವೇ ವಹಿಸಿಕೊಂಡಿದ್ದಾರೆ.