ಮಾರ್ತಿರ್ ಬೀದಿಯವರೆಗೆ

ಮಗಳು ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಳೆ. ಜನವರಿಯಲ್ಲಿ ಮೂರು ವಾರ ಅವಳ ಜೊತೆಗಿದ್ದೆ. "ನಾಳೆ ಐಫೆಲ್ ಟವರ್ ನೋಡೋಣ್ವಾ ಅಮ್ಮ?" ಅಂದಳು. "ಅದು ಇನ್ನೊಂದು ದಿನ ಆಗ್ಲಿ. ನಾಳೆ ಗ್ರೆನೆಲ್ ಬೀದಿಯಿಂದ ಮಾರ್ತಿರ್ ಬೀದಿವರೆಗೂ ನಡೆಯೋಣ" ಅಂದೆ. ಅವಳಿಗೆ ಆಶ್ಚರ್ಯ. ಅಂದು ಓದಿದ ಒಂದು ಕಥೆಯ ಜಾಗಗಳಲ್ಲಿ ನಡೆಯಬೇಕೆಂಬುದು ನನಗೆ ಕಾಲೇಜು ದಿನಗಳಿಂದ ಉಳಿದುಕೊಂಡಿದ್ದ ಆಸೆ.

ಫ್ರೆಂಚ್ ಕಥೆಗಾರ ಮೊಪಾಸಾನ 'ನೆಕ್ಲೇಸ್' 1884ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಬಂದ ಕಥೆ. ನಮ್ಮ ಮೇಷ್ಟ್ರು ಅದನ್ನು ಒಂದೇ ಪೀರಿಯಡ್ಡಿನಲ್ಲಿ ಓದಿ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇಷ್ಟೇ ಇದರ ನೀತಿ" ಎಂದು ಪುಸ್ತಕ ಮುಚ್ಚಿದ್ದರು. ನನಗೆ ಆಗಲೇ ಗಂಟಲು ಕಟ್ಟಿತ್ತು. ಗುಮಾಸ್ತನ ಹೆಂಡತಿ ಮತಿಲ್ಡಾಳ ಮೇಲೆ ಅಷ್ಟು ಸುಲಭಕ್ಕೆ ತೀರ್ಪು ಕೊಡುವುದು ಗುಮಾಸ್ತನ ಮಗಳಾದ ನನ್ನಿಂದ ಆಗಲಿಲ್ಲ.

ಶಿಕ್ಷಣ ಸಚಿವಾಲಯ ಇಂದಿಗೂ ಗ್ರೆನೆಲ್ ಬೀದಿಯಲ್ಲೇ ಇದೆ. ಮತಿಲ್ಡಾಳ ಗಂಡ ಕೆಲಸಕ್ಕಿದ್ದದ್ದು ಆ ಇಲಾಖೆಯಲ್ಲಿ. ಮೊಪಾಸಾ ಕೂಡ ಮೊದಲು ನೌಕಾ ಇಲಾಖೆಯಲ್ಲಿ, ಆಮೇಲೆ ಇದೇ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದವನು. ಸಾಹೇಬರ ಮನೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಗುಮಾಸ್ತನ ಮನೆಯಲ್ಲಿ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡ ಹಿಗ್ಗುತ್ತಾನೆ, ಹೆಂಡತಿ ಅಳುತ್ತಾಳೆ. ಬಂದೂಕು ಕೊಂಡು ಪ್ಯಾರಿಸ್ಸಿನ ಪಕ್ಕದ ನಾಂತೇರ್ ಬಯಲಿನಲ್ಲಿ ಹಕ್ಕಿ ಹೊಡೆಯಬೇಕೆಂದು ಗಂಡ ಕೂಡಿಟ್ಟಿದ್ದ 400 ಫ್ರಾಂಕ್ ಅವಳ ಉಡುಪಿಗೆ ಹೋಗುತ್ತದೆ. ನಾಂತೇರ್ ಈಗ ಬಯಲಲ್ಲ, ಅಲ್ಲಿ ದೊಡ್ಡ ಯೂನಿವರ್ಸಿಟಿ ಇದೆ ಎಂದು ಮಗಳು ಹೇಳಿದಾಗ ನನಗೆ ಯಾಕೋ ಆ ಗಂಡನ ನೆನಪೇ ಒತ್ತಿ ಬಂತು. ಅವನ ಆಸೆಯ ಬಗ್ಗೆ ಯಾರೂ ಪಾಠ ಮಾಡುವುದಿಲ್ಲ.

ಸೀನ್ ನದಿಯ ಕಡೆಗೆ ನಡೆದೆವು. ಸ್ವೆಟರಿನ ಮೇಲೆ ಕೋಟು ಹಾಕಿದ್ದರೂ ಗಾಳಿ ಎದೆಗೆ ಹೊಡೆಯುತ್ತಿತ್ತು. ಕಥೆಯಲ್ಲಿ ಬೆಳಗಿನ ಜಾವ 4 ಗಂಟೆ, ಜನವರಿ ತಿಂಗಳೇ. ಸಾಹೇಬರ ಮನೆಯ ಕುಣಿತ ಮುಗಿದಾಗ ಗಂಡ ಮನೆಯಿಂದ ತಂದಿದ್ದ ಸಾದಾ ಹೊದಿಕೆಯನ್ನು ಅವಳ ಹೆಗಲಿಗೆ ಹಾಕುತ್ತಾನೆ. ಸುತ್ತ ಬೆಲೆಬಾಳುವ ತುಪ್ಪಳದ ಕೋಟು ತೊಡುತ್ತಿರುವ ಹೆಂಗಸರು. ಅವರ ಕಣ್ಣಿಗೆ ಬೀಳಬಾರದೆಂದು ಅವಳು ಗಾಡಿಗೂ ಕಾಯದೆ ಮೆಟ್ಟಿಲಿಳಿದು ಓಡುತ್ತಾಳೆ. ಗೆಳತಿ ಜಾನ್ ಫೊರೆಸ್ತಿಯೆಯಿಂದ ಎರವಲು ತಂದ ವಜ್ರದ ಹಾರ ಆ ರಾತ್ರಿಯೇ ಕಳೆದುಹೋಗುತ್ತದೆ.

ಆ ಓಟ ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನ ಮಗಳ ಮದುವೆಗೆ ಅಮ್ಮ ಎದುರು ಮನೆಯಿಂದ ಎರಡೆಳೆ ಅವಲಕ್ಕಿ ಸರ ಕೇಳಿ ತಂದಿದ್ದಳು. ಛತ್ರದಲ್ಲಿ ಎಲ್ಲರೂ ಅವಳನ್ನು ತಿರುಗಿ ನೋಡಿದರು. ಊಟ ಆದಮೇಲೆ ಮಾತ್ರ ಅಮ್ಮ ಹೊರಡಲೊಲ್ಲಳು. "ಸ್ವಲ್ಪ ತಡಿಯೇ, ಜನ ಕರಗಲಿ" ಅಂತಾಳೆ. ಕೊನೆಗೆ ಬಾಗಿಲಲ್ಲಿ ಯಾರೂ ಇಲ್ಲದಾಗ ಕಂಬದ ಹಿಂದಿನಿಂದ ತನ್ನ ಹವಾಯಿ ಚಪ್ಪಲಿ ತೆಗೆದಳು. ಒಂದರ ಬಾರು ಕಿತ್ತು ಪಿನ್ನು ಚುಚ್ಚಿತ್ತು. ಮತಿಲ್ಡಾ ಎಲ್ಲರಿಗಿಂತ ಮೊದಲು ಓಡಿದಳು, ಅಮ್ಮ ಎಲ್ಲರೂ ಹೋಗುವ ತನಕ ಕಾದಳು.

ನದಿ ದಾಟಿ ಪಾಲೆ ರೊಯಾಲ್‌ಗೆ ಬಂದೆವು. ಕಳೆದ ಹಾರದಂಥದ್ದೇ ಇನ್ನೊಂದು ಸಿಕ್ಕಿದ್ದು ಇಲ್ಲಿಯ ಅಂಗಡಿಯಲ್ಲಿ. ಬೆಲೆ 40,000 ಫ್ರಾಂಕ್, ಚೌಕಾಸಿ ಮಾಡಿ 36,000. ಅಪ್ಪ ಬಿಟ್ಟುಹೋದ 18,000 ಗಂಡನ ಕೈಯಲ್ಲಿತ್ತು, ಉಳಿದದ್ದೆಲ್ಲ ಸಾಲ, ತೀರಿಸಲು ಹತ್ತು ವರ್ಷ ಹಿಡಿಯಿತು. ಗೆಳತಿಗೆ ಏನೂ ಹೇಳದೆ ಈ ಹೊಸ ಹಾರವನ್ನೇ ಹಿಂದಿರುಗಿಸಿದರು. "ಕಳೆದುಹೋಯ್ತು ಅಂತ ಗೆಳತಿಗೆ ಹೇಳಿದ್ದರೆ ಆಗ್ತಿತ್ತಲ್ಲಮ್ಮ?" ಎಂದಳು ಮಗಳು. ಆಗುತ್ತಿತ್ತು. ಆದರೆ ಆ ಗೆಳತಿಯ ಮನೆಗೆ ಹೋಗಿ ಬಂದಾಗಲೆಲ್ಲ ದಿನಗಟ್ಟಲೆ ಅತ್ತವಳು ಮತಿಲ್ಡಾ. ಹೊಟ್ಟೆಕಿಚ್ಚಿನಲ್ಲಿ ಅಷ್ಟು ಬೆಂದವಳು ಅದೇ ಬಾಗಿಲಲ್ಲಿ ಕೈಕಟ್ಟಿ ನಿಂತು "ಕಳೆದುಬಿಟ್ಟೆ" ಅನ್ನುವುದು ಹೇಗೆ? ಹತ್ತು ವರ್ಷ ಪಾತ್ರೆ ಉಜ್ಜುವುದು ಅದಕ್ಕಿಂತ ಸಲೀಸು. ಇದು ನನ್ನ ತಿಳಿವಳಿಕೆ. ಮಗಳು ಒಪ್ಪಲಿಲ್ಲ.

ಮಾರ್ತಿರ್ ಬೀದಿ ಮೋನ್‌ಮಾರ್ತ್ರ್ ಗುಡ್ಡದ ಕಡೆಗೆ ಏರುತ್ತಾ ಹೋಗುತ್ತದೆ. ಎರಡೂ ಕಡೆ ಬ್ರೆಡ್ಡು, ಚೀಸು, ಹಣ್ಣಿನ ಅಂಗಡಿಗಳು. ಮತಿಲ್ಡಾ ಮತ್ತು ಗಂಡ ಇದ್ದದ್ದು ಈ ಬೀದಿಯಲ್ಲಿ. ಇಲ್ಲಿದ್ದ ಮನೆಯನ್ನೂ ಅವರು ಸಾಲಕ್ಕಾಗಿ ಬಿಟ್ಟು ಎಲ್ಲೋ ಮಾಳಿಗೆಯ ಕೋಣೆ ಸೇರಿದರು. ಅವಳು ನೀರು ಹೊತ್ತು ಒಂದೊಂದು ಅಂತಸ್ತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಗಂಡ ರಾತ್ರಿ ಪುಟಕ್ಕೆ ಐದು ಸೂ ಎಂಬ ಚಿಲ್ಲರೆ ಕಾಸಿನಂತೆ ನಕಲು ಬರೆಯುತ್ತಿದ್ದ.

ಅಲ್ಲೊಂದು ಬೆಂಚಿನ ಮೇಲೆ ಕೂತು ಮಗಳಿಗೆ ಕೊನೆಯ ಭಾಗ ಹೇಳಿದೆ. ಸಾಲವೆಲ್ಲ ತೀರಿದ ಮೇಲೆ ಶಾಂಜೆಲಿಜೆ ಎಂಬ ದೊಡ್ಡ ರಸ್ತೆಯಲ್ಲಿ ಗೆಳತಿ ಎದುರಾಗುತ್ತಾಳೆ, ಗುರುತೇ ಹಿಡಿಯುವುದಿಲ್ಲ. ಮತಿಲ್ಡಾ ತಾನೇ ಹೆಸರು ಹಿಡಿದು ಮಾತಾಡಿಸಿ ಎಲ್ಲ ಹೇಳಿ, ಹೆಮ್ಮೆಯಿಂದ ನಗುತ್ತಾಳೆ. ಮೊದಲಿನ ಜಂಭವಲ್ಲ ಅದು. ದುಡಿದು ಋಣ ತೀರಿಸಿದವಳ ಹೆಮ್ಮೆ, ನನಗೆ ಕಥೆಯಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ. ಮರುಕ್ಷಣವೇ ಗೆಳತಿ ಅವಳ ಎರಡೂ ಕೈ ಹಿಡಿದು, ತನ್ನದು ನಕಲಿ ಹಾರ, ಹೆಚ್ಚೆಂದರೆ 500 ಫ್ರಾಂಕ್ ಅಂದುಬಿಡುತ್ತಾಳೆ.

"ವಾಪಸ್ ಕೊಟ್ಟ ದಿನ ಅವಳು ಪೆಟ್ಟಿಗೆ ತೆಗೆದು ನೋಡಲಿಲ್ವಾ?"

"ಇಲ್ಲ. ತೆಗೆದೇ ನೋಡಲಿಲ್ಲ."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಜ್ಜಿ ಸರ ವಾಪಸ್ ಕೊಟ್ಟಾಗ?" ಅಂದಳು.

"ನೋಡಿದರು. ಬೆಳಕಿಗೆ ಹಿಡಿದು, ಎಳೆ ಎಳೆ ಬಿಡಿಸಿ ನೋಡಿದರು. ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ."